ಬೋರ್‌ವೆಲ್ ದುಡ್ಡಲ್ಲಿ ವಿಯೆಟ್ನಾಂ

ನಮ್ಮ ಮಿಡಿಗೇಶಿ ಸೀಮೆಯಲ್ಲಿ ದೊಡ್ಡ ಮೊತ್ತ ಯಾವುದೇ ಇರಲಿ, ಅದನ್ನು ಅಳೆಯುವುದು ಬೋರ್‌ವೆಲ್ಲಿನಲ್ಲಿ. ಮಗಳ ಮದುವೆಗೆ ಮೂರು ಬೋರಿನ ದುಡ್ಡು ಹೋಯಿತು, ಮಗನ ಇಂಜಿನಿಯರಿಂಗ್ ಸೀಟಿಗೆ ನಾಲ್ಕು ಬೋರು, ಅಪ್ಪನ ಆಪರೇಷನ್ನಿಗೆ ಒಂದೂವರೆ. ಸಾವಿರ ಅಡಿ ಇಳಿದರೂ ಬಿಳೀ ಕಲ್ಲುಪುಡಿ ಬಿಟ್ಟು ಇನ್ನೇನೂ ಹಾರದ ಜಮೀನುಗಳು ಮಧುಗಿರಿಯಿಂದ ಪಾವಗಡದವರೆಗೆ ಬೇಕಾದಷ್ಟಿವೆ. ಹಾಗಾಗಿ ಈ ಅಳತೆಯೊಳಗೆ ಮೊತ್ತದ ಜೊತೆಗೆ, ಹಾಕಿದ್ದು ವಾಪಸ್ ಬರುತ್ತೋ ಇಲ್ಲವೋ ಎಂಬ ದಿಗಿಲೂ ಸೇರಿಕೊಂಡಿರುತ್ತದೆ. ನಮ್ಮಕ್ಕನ ಮಗ ಬೆಂಗಳೂರಿನ ಕೆಲಸ ಬಿಟ್ಟು, ಬೆನ್ನಿಗೊಂದು ಚೀಲ ಏರಿಸಿಕೊಂಡು, ಮೂರು ತಿಂಗಳು ಐದು ದೇಶ ಸುತ್ತಿ ಬರುತ್ತೇನೆ, ಎರಡೂವರೆ ಲಕ್ಷದಲ್ಲಿ ಎಲ್ಲ ಮುಗಿಯುತ್ತದೆ ಎಂದಾಗ ಅಕ್ಕ ಕೇಳಿದ್ದು ಒಂದೇ ಮಾತು.

"ಅಷ್ಟು ದುಡ್ಡಲ್ಲಿ ಒಂದು ಬೋರ್ ಹಾಕ್ಸಬೋದಲ್ಲೋ?"

"ಹಾಕ್ಸಿದ್ವಲ್ಲಮ್ಮ, ಎರಡು ಸಲ. ನೀರು ಬಂತಾ?"

ಅಕ್ಕ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಸ್ವಲ್ಪ ಹೆಚ್ಚಾಗಿಯೇ ಸದ್ದು ಮಾಡಿದವು.

ಈ ಹುಚ್ಚು ಹತ್ತಿಸಿದವರು ಯಾರು ಎಂದು ಊರಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ. ಡಾ. ಬ್ರೋ ಎಂದೇ ಹೆಸರಾದ ಗಗನ್ ಶ್ರೀನಿವಾಸ್ "ನಮಸ್ಕಾರ ದೇವ್ರು" ಎನ್ನುತ್ತಾ ಆಫ್ಘಾನಿಸ್ತಾನದಲ್ಲಿ, ಆಫ್ರಿಕಾದಲ್ಲಿ, ಇನ್ನೆಲ್ಲೆಲ್ಲೋ ಹಳ್ಳಿ ಹುಡುಗನ ಕನ್ನಡದಲ್ಲೇ ಮಾತಾಡಿಕೊಂಡು ಅಡ್ಡಾಡಿದ್ದನ್ನು ನಮ್ಮಲ್ಲಿ ಕುರಿ ಕಾಯುವ ಹುಡುಗರೂ ಮೊಬೈಲಿನಲ್ಲಿ ನೋಡಿದ್ದಾರೆ. ಅದಕ್ಕೆ ಮುಂಚೆ ನಮ್ಮಂಥವರಿಗೆ ಪರದೇಶಕ್ಕೆ ಇದ್ದ ದಾರಿ ಎರಡೇ: ಕಂಪನಿ ಕಳಿಸಬೇಕು, ಇಲ್ಲವೇ ಅಮೆರಿಕದಲ್ಲಿರುವ ಮಗಳ ಬಾಣಂತನ ಬರಬೇಕು. ಸ್ವಂತ ಖರ್ಚಿನಲ್ಲಿ, ಸ್ವಂತ ಖುಷಿಗೆ, ಯಾರ ಮನೆಯ ಆಸರೆಯೂ ಇಲ್ಲದೆ ಹೋಗುವುದು ಎಂದರೆ ತಲೆ ಕೆಟ್ಟಿರಬೇಕು ಎಂದೇ ಲೆಕ್ಕ. ಆ ಲೆಕ್ಕ ಮುರಿದವರು ಮೊದಲೂ ಇದ್ದರು. ಎಚ್‌ಎಎಲ್‌ನಲ್ಲಿ ಇಂಜಿನಿಯರಾಗಿದ್ದ ನೇಮಿಚಂದ್ರ ಎಲ್ಲಿಯ ಬೆಂಗಳೂರು, ಎಲ್ಲಿಯ ಪೆರು ಎನ್ನದೆ ಹೋಗಿ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದರು. ಆ ಪುಸ್ತಕವನ್ನು ನಾನು ಬ್ಯಾಂಕಿನ ಕೌಂಟರಿನ ಕೆಳಗಿಟ್ಟುಕೊಂಡು ಓದಿದವನು. ಆದರೆ ಪುಸ್ತಕ ಓದಿ ಬೆರಗಾಗುವವರು ನೂರು ಜನ ಇದ್ದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು ಒಬ್ಬರು. ಮೊಬೈಲು ಆ ಅಂತರವನ್ನು ಬಹಳ ಕಡಿಮೆ ಮಾಡಿಬಿಟ್ಟಿದೆ.

ಪ್ರವಾಸದ ಬಜೆಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಬೇರೆಯವರ ದುಡ್ಡು, ಅದರಲ್ಲಿ ಎರಡು ಮಾತಿಲ್ಲ. 1800ನೇ ಇಸವಿಯಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತುತ್ತಾ ನಮ್ಮ ಸಿರಾ, ಮಧುಗಿರಿಗೂ ಬಂದಿದ್ದ. ಯಾವ ಬೆಳೆ, ಯಾವ ಮಣ್ಣು, ಯಾವ ತೆರಿಗೆ ಎಂದು ಕೇಳಿ ಕೇಳಿ ಬರೆದುಕೊಂಡು ಹೋಗಿ 1807ರಲ್ಲಿ ಮೂರು ಸಂಪುಟ ಅಚ್ಚು ಹಾಕಿಸಿದ. ಖರ್ಚೆಲ್ಲ ಈಸ್ಟ್ ಇಂಡಿಯಾ ಕಂಪನಿಯದು. ಟಿಪ್ಪುವಿನಿಂದ ಕಸಿದುಕೊಂಡ ಹೊಸ ಜಮೀನಿನ ಪಹಣಿ ನೋಡಲು ಮಾಲೀಕ ಗುಮಾಸ್ತನನ್ನು ಕಳಿಸಿದ್ದ, ಅಷ್ಟೆ. ನಮ್ಮ ಹುಡುಗನಿಗೆ ಅಂಥ ಮಾಲೀಕರಿಲ್ಲ.

ಇನ್ನೊಂದು ಕಾಲವಿತ್ತು. ಆಗ ದುಡ್ಡಿದ್ದರೂ ಉಪಯೋಗವಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಓದಲು, ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೋದವರನ್ನು ಕೇಳಿ ನೋಡಿ, ಕಿಸೆಯಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಕಥೆ ಹೇಳದವರಿಲ್ಲ. ವಿದೇಶಿ ವಿನಿಮಯಕ್ಕೆ ಸರ್ಕಾರ ಅಷ್ಟು ಬಿಗಿ ಹಿಡಿದಿತ್ತು. ಈಗ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬ ವ್ಯಕ್ತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗೆ ಒಯ್ಯಬಹುದು. ನಮ್ಮ ಹುಡುಗನ ಎರಡೂವರೆ ಲಕ್ಷ ರೂಪಾಯಿ ಎಲ್ಲಿ, ಸರ್ಕಾರ ಕೊಟ್ಟ ಅನುಮತಿ ಎಲ್ಲಿ!

ಅದೇ ಎಪ್ಪತ್ತರ ದಶಕದಲ್ಲಿ ಎದುರು ದಿಕ್ಕಿನಿಂದ ಬರುವವರಿಗೆ ಯಾವ ತಡೆಯೂ ಇರಲಿಲ್ಲ. ಲಂಡನ್ನಿನಿಂದ ಟರ್ಕಿ, ಇರಾನ್, ಆಫ್ಘಾನಿಸ್ತಾನ ದಾಟಿ ಬಸ್ಸಿನಲ್ಲೇ ಕಠ್ಮಂಡುವಿಗೂ ಗೋವಾಕ್ಕೂ ಬಂದಿಳಿಯುತ್ತಿದ್ದರು. ಟೋನಿ ಮತ್ತು ಮೌರೀನ್ ವೀಲರ್ ಎಂಬ ಗಂಡ ಹೆಂಡತಿ 1972ರಲ್ಲಿ ಹೀಗೇ ಏಷ್ಯಾ ದಾಟಿ ಸಿಡ್ನಿ ತಲುಪಿದಾಗ ಅವರ ಬಳಿ ಉಳಿದಿದ್ದು 27 ಸೆಂಟು. ಎಷ್ಟು ಖರ್ಚಾಯಿತು, ಎಲ್ಲಿ ಮಲಗಿದಿರಿ ಎಂದು ಕೇಳುವವರ ಕಾಟ ತಾಳದೆ ಮರುವರ್ಷ ಒಂದು ಕಿರುಪುಸ್ತಕ ಮಾಡಿದರು. ಲೋನ್ಲಿ ಪ್ಲಾನೆಟ್ ಎಂಬ ದೊಡ್ಡ ಪ್ರಕಾಶನ ಹುಟ್ಟಿದ್ದು ಅದರಿಂದ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ನುಗ್ಗಿ ಆ ದಾರಿ ಮುಚ್ಚಿತು. ಆಮೇಲೂ ಹಂಪಿಯ ವಿರೂಪಾಪುರ ಗಡ್ಡೆಯಲ್ಲಿ, ಗೋಕರ್ಣದ ಕಡಲ ದಂಡೆಯಲ್ಲಿ ತಿಂಗಳುಗಟ್ಟಲೆ ಮಲಗಿರುತ್ತಿದ್ದ ಬಿಳಿಯರನ್ನು ನೋಡಿ ನಾವೆಲ್ಲ ಇವರಿಗೆ ಮನೆ ಮಠ ಇಲ್ಲವೇ ಎಂದುಕೊಂಡಿದ್ದೆವು. ಅವರ ಲೆಕ್ಕ ಎಷ್ಟು ಪಕ್ಕಾ ಇತ್ತೆಂದು ನನಗೆ ಗೊತ್ತಾಗಿದ್ದು ಅಕ್ಕನ ಮಗನ ಎಕ್ಸೆಲ್ ಶೀಟು ನೋಡಿದ ಮೇಲೆ.

ಆ ಶೀಟಿನ ಬಗ್ಗೆ ಹೇಳಲೇಬೇಕು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬೆಳೆಸಾಲದ ಲೆಡ್ಜರು ಬರೆದವನು. ಅಂಕಣ ನೋಡಿದರೆ ಆಳಿನ ಸ್ವಭಾವ ಹೇಳುತ್ತೇನೆ. ಹಸಿರು, ಹಳದಿ, ಕೆಂಪು ಬಣ್ಣ ತುಂಬಿಸಿದ್ದ. ಬೆಂಗಳೂರಿನಿಂದ ವಿಯೆಟ್ನಾಮಿಗೆ ವಿಮಾನ. ಅಲ್ಲಿ ಹನೋಯಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ರೈಲು. ಆಮೇಲೆ ಲಾವೋಸ್, ಥಾಯ್ಲೆಂಡ್, ಮಲೇಷ್ಯಾ, ಕೊನೆಗೆ ಸಿಂಗಾಪುರ. "ಇಲ್ಲಿಂದಲೇ ಬಸ್ಸಿನಲ್ಲಿ ಹೋಗಕ್ಕಾಗಲ್ವೇನೋ, ಮಣಿಪುರದ ಆಚೆ ಬರ್ಮಾ ಅಲ್ವಾ?" ಎಂದೆ. ಮ್ಯಾನ್ಮಾರಿನಲ್ಲಿ ಅಂತರ್ಯುದ್ಧ, ಭಾರತದಿಂದ ಥಾಯ್ಲೆಂಡಿಗೆ ಹಾಕುತ್ತಿರುವ ಹೆದ್ದಾರಿ ಇನ್ನೂ ಪೂರ್ತಿಯಾಗಿಲ್ಲ, ಅದಕ್ಕೇ ಮಾವ ಈ ವಿಮಾನ ಅಂದ. ಒಮ್ಮೆ ಆ ಕಡೆ ಇಳಿದರೆ ಮಾತ್ರ ಕಾಲು ನೆಲ ಬಿಡಬೇಕಾಗಿಲ್ಲವಂತೆ. ಲಾವೋಸಿಗೆ 2021ರ ಡಿಸೆಂಬರಿನಲ್ಲಿ ಚೀನಾದಿಂದ ರೈಲು ಬಂದಿದೆ. ಅಲ್ಲಿಯ ರಾಜಧಾನಿ ವಿಯೆಂಟಿಯಾನ್‌ನಿಂದ ಚೀನಾದ ಕುನ್‌ಮಿಂಗ್‌ವರೆಗೆ ಸಾವಿರ ಚಿಲ್ಲರೆ ಕಿಲೋಮೀಟರ್ ಓಡುತ್ತದೆ. 2024ರಲ್ಲಿ ಬ್ಯಾಂಕಾಕ್‌ನಿಂದ ವಿಯೆಂಟಿಯಾನ್‌ಗೂ ನೇರ ರೈಲಾಯಿತು. ನಡುನಡುವೆ ಗಾಡಿ ಬದಲಿಸಿಕೊಂಡರೆ ಸಿಂಗಾಪುರದ ಹೊಸ್ತಿಲಿಂದ ಚೀನಾದೊಳಗಿನವರೆಗೂ ಹಳಿಯ ಮೇಲೇ ಹೋಗಬಹುದು. ನಮ್ಮ ಮಧುಗಿರಿಗೆ ರೈಲು ಯಾವಾಗ ಬರುತ್ತೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಯುರೋಪು ಏಕೆ ಬೇಡ ಎಂದರೆ ಅದಕ್ಕೂ ಅವನಲ್ಲಿ ಲೆಕ್ಕವಿತ್ತು. 2024ರ ಜೂನ್‌ನಿಂದ ಶೆಂಗೆನ್ ವೀಸಾದ ಶುಲ್ಕ 90 ಯೂರೋ. ಹತ್ತಿರ ಹತ್ತಿರ ಒಂಬತ್ತು ಸಾವಿರ ರೂಪಾಯಿ. 2025-26ರ ಸಾಲಿನಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ₹4,886 ಇತ್ತು. ಅಲ್ಲಿಗೆ ಎರಡು ಕ್ವಿಂಟಾಲ್ ರಾಗಿ ಹೊತ್ತೊಯ್ದು ಬಾಗಿಲಲ್ಲಿ ಸುರಿದು "ಒಳಗೆ ಬರಲಾ?" ಎಂದು ಕೇಳಿದ ಹಾಗೆ. ಅವರು ಬೇಡ ಎಂದರೆ ರಾಗಿ ವಾಪಸ್ ಬರುವುದಿಲ್ಲ. ಅದರ ಮೇಲೆ 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಬ್ಯಾಂಕಿನ ಸ್ಟೇಟ್‌ಮೆಂಟು, ಸಂಬಳದ ಚೀಟಿ. ಕೆಲಸ ಬಿಟ್ಟು ಹೊರಟವನು ಸಂಬಳದ ಚೀಟಿ ಎಲ್ಲಿಂದ ತರಬೇಕು? ವಿಯೆಟ್ನಾಮಿನವರು 25 ಡಾಲರಿಗೆ ಮನೆಯಲ್ಲೇ ಕೂತು ತೆಗೆಯುವ ಇ-ವೀಸಾ ಕೊಡುತ್ತಾರೆ, 2023ರ ಆಗಸ್ಟಿನಿಂದ 90 ದಿನದವರೆಗೂ ಇರಬಹುದು. ಥಾಯ್ಲೆಂಡ್, ಮಲೇಷ್ಯಾ 2023ರ ಕೊನೆಯಲ್ಲಿ ನಮಗೆ ವೀಸಾವನ್ನೇ ಮಾಫಿ ಮಾಡಿದವು. ಇವೆಲ್ಲ ಸರ್ಕಾರಗಳ ಮರ್ಜಿ, ಹೊರಡುವ ಹಿಂದಿನ ವಾರ ಇನ್ನೊಮ್ಮೆ ನೋಡಿಕೊಳ್ಳಬೇಕು. ಬಡ ಪಾಸ್‌ಪೋರ್ಟಿನವನ ದಾರಿಯನ್ನು ನಕ್ಷೆಗಿಂತ ವೀಸಾ ಶುಲ್ಕವೇ ಎಳೆಯುತ್ತದೆ.

ಪಾಸ್‌ಪೋರ್ಟಿನದು ಸುಲಭದಲ್ಲಿ ಆಯಿತು. 36 ಪುಟದ್ದಕ್ಕೆ ₹1,500. ಹತ್ತನೇ ತರಗತಿ ಪಾಸಾಗಿದ್ದರಿಂದ ವಲಸೆ ತಪಾಸಣೆಯ ಮೊಹರಿನ ರಗಳೆಯೂ ಇಲ್ಲ. ಪೊಲೀಸಿನವರು ವಿಚಾರಣೆಗೆ ಬಂದಾಗ ಅಕ್ಕ ಕಾಫಿ ಕೊಟ್ಟು, "ಸ್ವಾಮಿ, ಇವನ ಮೇಲೆ ಏನಾದ್ರೂ ಕೇಸಿದ್ರೆ ಹೇಳಿ, ಹೋಗೋದಾದ್ರೂ ತಪ್ಪುತ್ತೆ" ಎಂದಳಂತೆ.

ಶೀಟಿನಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ. ಅಯ್ಯೋ, ಒಂದೊಂದು ಊರಿಗೂ ಎರಡೇ ರಾತ್ರಿ! ಬೆಳಿಗ್ಗೆ ಇಳಿ, ಗುಡಿ ನೋಡು, ಸಂತೆ ನೋಡು, ಮಾರನೇ ದಿನ ಗುಡ್ಡ ಹತ್ತು, ರಾತ್ರಿ ಬಸ್ಸು ಹಿಡಿ. ಕಾಶಿ ರಾಮೇಶ್ವರ ಸ್ಪೆಷಲ್ ಬಸ್ಸಿನವರು ಓಡಿಸುವ ಹಾಗೆ. ನಾನು ಹೇಳಿದರೆ ಮಾವನಿಗೆ ವಯಸ್ಸಾಯಿತು ಎನ್ನುತ್ತಾನೆ ಎಂದು ಸುಮ್ಮನಿದ್ದೆ. ಅವನ ಕಣ್ಣು ತೆರೆಸಿದ್ದು ನಮ್ಮ ಹೊಲದಲ್ಲಿ ಕುರಿ ಮಂದೆ ಹಾಕಿದ್ದ ಅಜ್ಜ.

ಮಂದೆ ಹಾಕುವುದು ನಗರದವರಿಗೆ ಗೊತ್ತಿರಲಿಕ್ಕಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಸಿರಾ, ಪಾವಗಡ, ಮಧುಗಿರಿ ಕಡೆಯ ಕುರಿಗಾಹಿಗಳು ನೂರಾರು ಕುರಿ ಹೊಡೆದುಕೊಂಡು ಮೇವು ನೀರು ಇರುವ ಸೀಮೆ ಹುಡುಕಿಕೊಂಡು ಹೊರಡುತ್ತಾರೆ, ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ದಾರಿಯಲ್ಲಿ ರೈತರ ಹೊಲದಲ್ಲಿ ರಾತ್ರಿ ಕುರಿ ಕೂಡುತ್ತಾರೆ. ಬೆಳಗಾಗುವ ಹೊತ್ತಿಗೆ ಹೊಲಕ್ಕೆ ಹಿಕ್ಕೆ, ಗಂಜಲದ ಗೊಬ್ಬರ. ಅದಕ್ಕೆ ರೈತ ರಾಗಿಯನ್ನೋ ದುಡ್ಡನ್ನೋ ಕೊಡುತ್ತಾನೆ. ಅಂದರೆ ಇವರು ತಂಗಿದ್ದಕ್ಕೆ ಬಾಡಿಗೆ ಕೊಡುವುದಿಲ್ಲ, ತಂಗಿದ್ದಕ್ಕೆ ಬಾಡಿಗೆ ತೆಗೆದುಕೊಳ್ಳುತ್ತಾರೆ! ಜಗತ್ತಿನ ಯಾವ ಬ್ಯಾಕ್‌ಪ್ಯಾಕರಿಗೂ ಈ ವಿದ್ಯೆ ಒಲಿದಿಲ್ಲ. ಅಜ್ಜನ ಹೆಗಲ ಮೇಲೊಂದು ಕರಿ ಕಂಬಳಿ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿಗೆ ಹಾಸಿಗೆ, ಆಗ ತಾನೇ ಹುಟ್ಟಿದ ಮರಿಗೆ ತೊಟ್ಟಿಲು, ಎಲ್ಲಾ ಅದೇ. ನಮ್ಮ ಹುಡುಗ ಆನ್‌ಲೈನಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಸಾಮಾನು ತರಿಸಿದ್ದ.

ಅಜ್ಜ ಬೀಡಿ ಹಚ್ಚಿಕೊಂಡು ಇವನ ಯೋಜನೆಯನ್ನೆಲ್ಲ ಕೇಳಿದ. ವಿಯೆಟ್ನಾಂ ಎಲ್ಲಿದೆ ಎಂದು ಕೇಳಲಿಲ್ಲ. ಕೇಳಿದ್ದು, "ಬೀಡು ಎಷ್ಟೆಷ್ಟು ದಿನ?"

"ಎರಡೆರಡು ದಿನ, ಅಜ್ಜ."

"ಎಲ್ಡ್ ದಿನಕ್ಕೆ ಬೀಡು ಕಿತ್ರೆ ಕುರಿ ಸೊರಗ್ತವೆ ಕಣಪ್ಪ. ಮೇವಿರೋ ಕಡೆ ನಿಲ್ಲು, ಮೇವು ಮುಗುದ್ರೆ ಎದ್ದೇಳು. ನಡೆಯೋ ದಿನ್ದಾಗೇ ಕುರಿ ಸಾಯೋದು, ನಿಂತ ದಿನ ಅಲ್ಲ."

ಹುಡುಗ ನಕ್ಕ. ರಾತ್ರಿ ಮನೆಗೆ ಬಂದು ಶೀಟಿನಲ್ಲಿ ನಡೆಯುವ ದಿನ, ನಿಲ್ಲುವ ದಿನ ಎಂದು ಎರಡು ಭಾಗ ಮಾಡಿ ಕೂಡಿ ನೋಡಿದ. ನಿಂತ ದಿನಕ್ಕೆ ಹಾಸಿಗೆ ಐನೂರು ಆರುನೂರು, ಊಟಕ್ಕೆ ಅಷ್ಟೇ, ಓಡಾಟಕ್ಕೆ ಕಾಲಿದೆ. ನಡೆಯುವ ದಿನಕ್ಕೆ ಬಸ್ಸಿನ ಟಿಕೆಟ್ಟು, ನಿಲ್ದಾಣಕ್ಕೊಂದು ಟ್ಯಾಕ್ಸಿ, ಇಳಿದ ಮೇಲೆ ಇನ್ನೊಂದು ಟ್ಯಾಕ್ಸಿ, ನಿಲ್ದಾಣದಲ್ಲಿ ದುಬಾರಿ ಊಟ, ಹೊಸ ಊರಿನಲ್ಲಿ ದರ ಗೊತ್ತಿಲ್ಲದೆ ಕೊಟ್ಟ ಹೆಚ್ಚಿನ ದುಡ್ಡು. ಎರಡೂವರೆ ಪಟ್ಟಾಗುತ್ತಿತ್ತು. ಊರಿಗೆ ವಾರವೋ ಹತ್ತು ದಿನವೋ ಎಂದು ಬದಲಾಯಿಸಿದ ತಕ್ಷಣ ಮೊತ್ತದಲ್ಲಿ ನಲವತ್ತು ಸಾವಿರ ಇಳಿಯಿತು. ದೇಶ ಐದರಿಂದ ನಾಲ್ಕಾಯಿತು. ಸಿಂಗಾಪುರ ಬಿದ್ದುಹೋಯಿತು, ಅಲ್ಲಿ ಒಂದು ರಾತ್ರಿಯ ಹಾಸಿಗೆಗೆ ಕೊಡುವ ದುಡ್ಡಿನಲ್ಲಿ ಲಾವೋಸಿನಲ್ಲಿ ಮೂರ್ನಾಲ್ಕು ದಿನ ಕಳೆಯಬಹುದಿತ್ತು. "ಸಿಂಗಾಪುರ ನೋಡಿಲ್ಲ ಅಂದ್ರೆ ಜನ ಏನಂತಾರೆ ಮಾವ?" ಎಂದು ಸ್ವಲ್ಪ ಹೊತ್ತು ಕೊರಗಿದ. ಜನ ಏನೆನ್ನುತ್ತಾರೆ ಎಂಬುದಕ್ಕೂ ಒಂದು ಅಂಕಣ ಇರಬೇಕಿತ್ತು. ಎಷ್ಟೋ ಪ್ರವಾಸಗಳಲ್ಲಿ ದೊಡ್ಡ ಖರ್ಚು ಅದೇ.

ಹಾಸಿಗೆ ಎಂದೆನಲ್ಲ, ಈ ಹಾಸ್ಟೆಲ್ಲುಗಳಲ್ಲಿ ರೂಮು ಕೊಡುವುದಿಲ್ಲ, ಮಂಚ ಕೊಡುತ್ತಾರೆ. ಒಂದು ಕೋಣೆಗೆ ಎಂಟೋ ಹನ್ನೆರಡೋ ಜನ, ಮಂಚದ ಮೇಲೆ ಮಂಚ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸುವ ಜಾಗ. ನಮ್ಮ ಹುಡುಗ ಆರಡಿ.

ದುಡ್ಡು ಬದಲಾಯಿಸುವ ವಿಚಾರ ನನ್ನ ಕಸುಬಿಗೆ ಹತ್ತಿರದ್ದು, ಹಾಗಾಗಿ ಅದರಲ್ಲಿ ನಾನು ಮೂಗು ತೂರಿಸಿದೆ. ಒಂದು ರೂಪಾಯಿಗೆ ಸುಮಾರು ಮುನ್ನೂರು ವಿಯೆಟ್ನಾಂ ಡಾಂಗ್. ಮೂವತ್ತು ಸಾವಿರ ಬದಲಾಯಿಸಿದರೆ ಕೈಗೆ ಬರುವುದು ತೊಂಬತ್ತು ಲಕ್ಷ. ಒಂದು ಬಟ್ಟಲು ನೂಡಲ್ಸು ಸೂಪಿಗೆ ಐವತ್ತು ಸಾವಿರ ಡಾಂಗ್ ಎಂದಾಗ ಎದೆ ಹಾರುತ್ತದೆ, ಲೆಕ್ಕ ಹಾಕಿದರೆ ನೂರೆಪ್ಪತ್ತು ರೂಪಾಯಿಯ ಆಸುಪಾಸು. ಇದರಲ್ಲಿ ಒಂದು ಗುಂಡಿ ಇದೆ: ಅಲ್ಲಿಯ ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಮಬ್ಬು ಬೆಳಕಿನಲ್ಲಿ ಟ್ಯಾಕ್ಸಿಯವನಿಗೆ ಒಂದರ ಬದಲು ಇನ್ನೊಂದು ಕೊಟ್ಟವರು ಬಹಳ ಜನ. ಐದು ಲಕ್ಷದ ನೋಟನ್ನು ಬೇರೆ ಜೇಬಿನಲ್ಲಿಡು ಎಂದು ಹೇಳಿದೆ. ಕಾರ್ಡು ಉಜ್ಜಿದರೆ ಬಹಳಷ್ಟು ಬ್ಯಾಂಕುಗಳು ಪರದೇಶದ ವ್ಯವಹಾರಕ್ಕೆ ಶೇಕಡಾ ಮೂರೂವರೆವರೆಗೂ ಕತ್ತರಿಸುತ್ತವೆ, ಎಟಿಎಂನವರದು ಬೇರೆ. ಸಣ್ಣ ಸಣ್ಣ ಮೊತ್ತವನ್ನು ಹತ್ತು ಸಲ ತೆಗೆಯುವುದಕ್ಕಿಂತ ದೊಡ್ಡದನ್ನು ಎರಡು ಸಲ ತೆಗೆ. ಕೊನೆಗೆ, ಒಟ್ಟು ದುಡ್ಡಿನಲ್ಲಿ ಹತ್ತರಲ್ಲೊಂದು ಭಾಗವನ್ನು ಇಲ್ಲ ಎಂದೇ ತಿಳಿ. ಅವನು ಅದಕ್ಕೂ ಅಂಕಣ ಮಾಡಿ 'ಮಾವನ ಭಯ' ಎಂದು ಹೆಸರಿಟ್ಟ. ಇರಲಿ.

ಊಟದ ಅಂಕಣಕ್ಕೆ ಅಕ್ಕ ಕೈ ಹಾಕಿದಳು. "ಅಲ್ಲಿ ಹಾವು ತಿಂತಾರಂತೆ" ಎಂಬಲ್ಲಿಂದ ಶುರು. ವಿಯೆಟ್ನಾಮಿನಲ್ಲಿ ಬೌದ್ಧರು ಬಹಳ ಜನ ಇದ್ದಾರೆ, ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅನೇಕರು ಮಾಂಸ ಮುಟ್ಟುವುದಿಲ್ಲ, ಸಸ್ಯಾಹಾರದ ಅಂಗಡಿಗಳು ಊರೂರಲ್ಲಿವೆ ಎಂದು ಹುಡುಗ ಸಮಾಧಾನ ಹೇಳಿದ. ಹುಣ್ಣಿಮೆಗೆ ಅವರೂ ಬಾಡು ತಿನ್ನಲ್ಲ ಎಂದದ್ದೇ ಅಕ್ಕನಿಗೆ ಆ ದೇಶದ ಮೇಲೆ ಗೌರವ ಬಂದುಬಿಟ್ಟಿತು. ಆದರೂ ಹುರಿಹಿಟ್ಟು ಮಾಡಿದಳು. ರಾಗಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಹಿಡಿ ಹಿಡಿಯಾಗಿ ಹಾಕಿ ಬಟ್ಟೆಯ ಉಂಡೆಯಲ್ಲಿ ಆಡಿಸುತ್ತಿದ್ದರೆ ಕಪ್ಪು ಕಾಳು ಚಟಚಟ ಒಡೆದು ಬಿಳಿ ಹೂವಾಗುತ್ತದೆ. ಬೀದಿಯ ಕೊನೆಯವರೆಗೂ ಘಮ. ಆ ಅರಳನ್ನು ಬೀಸಿದರೆ ಮುಗಿಯಿತು. ಬೆಲ್ಲವೋ ಮಜ್ಜಿಗೆಯೋ ಸಿಕ್ಕಿದ್ದರಲ್ಲಿ ಕಲಸಿ ಬಾಯಿಗೆ ಹಾಕಿಕೊಂಡರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಒಲೆ ಬೇಡ, ಕೆಡುವುದಿಲ್ಲ, ನೂರು ಗ್ರಾಂಗೆ ಒಂದು ಹೊತ್ತು. ಎರಡು ಕೆಜಿ ತುಂಬಿದಳು. ಜೊತೆಗೆ ಕಡ್ಲೆಕಾಯಿ ಚಟ್ನಿಪುಡಿ.

ಈಗ ತೂಕದ ಸಮಸ್ಯೆ. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಏಳು ಕೆಜಿ, ಮೇಲಾದರೆ ದಂಡ. ಬಜಾರಿನ ಹುಣಸೆಹಣ್ಣಿನ ಮಂಡಿಗೆ ಚೀಲ ಒಯ್ದು ತೂಕದ ಮೇಲಿಟ್ಟೆವು. ಒಂಬತ್ತು ಕೆಜಿ ಇನ್ನೂರು. ಮಂಡಿಯವರಿಗೆ ವ್ಯಾಪಾರವಿರಲಿಲ್ಲ, ಅವರೂ ಹಮಾಲರೂ ಸೇರಿ ಚೀಲ ಬಿಚ್ಚಿಸಿದರು. ಎರಡನೇ ಜೊತೆ ಬೂಟು, ಎಂಟುನೂರು ಗ್ರಾಂ, ಆಚೆ. ಜೀನ್ಸು ಒಂದು ಸಾಕು, ಆಚೆ. ಹಮಾಲರಲ್ಲಿ ಒಬ್ಬರು ಪುಟ್ಟ ತಲೆದಿಂಬನ್ನು ಎತ್ತಿ ತೋರಿಸಿ, "ಇದ್ಯಾಕೆ? ಅಂಗಿ ಸುತ್ತಿಟ್ಕಂಡ್ರೆ ಆಗಲ್ವಾ?" ಎಂದರು. ಆಚೆ. ಇನ್ನೂ ಅರ್ಧ ಕೆಜಿ ಇಳಿಯಬೇಕು. ಎಲ್ಲರೂ ಹುರಿಹಿಟ್ಟಿನ ಡಬ್ಬ ನೋಡಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಹುಡುಗ ಲ್ಯಾಪ್‌ಟಾಪನ್ನೇ ತೆಗೆದು ಬದಿಗಿಟ್ಟ. ಎಕ್ಸೆಲ್ ಶೀಟು ಮೊಬೈಲಲ್ಲೂ ತೆರೆಯುತ್ತದೆ.

ಬಂಡವಾಳದ್ದು ಬಾಕಿ ಇದೆ. ಪಾವಗಡದ ತಿರುಮಣಿ ಕಡೆಯ ಬೀಗರಾದರೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟು ಎಕರೆಗೆ ವರ್ಷಕ್ಕೆ ₹21,000ದಿಂದ ಶುರುವಾದ ಗುತ್ತಿಗೆ ಎಣಿಸುತ್ತಿದ್ದಾರೆ. ಹತ್ತೆಕರೆಯ ಬಿಸಿಲಿಗೆ ಒಂದು ವಿಯೆಟ್ನಾಂ ಆರಾಮಾಗಿ ಆಗುತ್ತದೆ. ನಮ್ಮ ಹೊಲದ ಬಿಸಿಲಿಗೆ ಗಿರಾಕಿಯಿಲ್ಲ. ಹುಡುಗನ ಉಳಿತಾಯ ಒಂದೂವರೆ ಲಕ್ಷದ ಮೇಲಿಲ್ಲ. ಉಳಿದದ್ದು ಚೀಟಿಯಿಂದ ಬರಬೇಕು. ಅಕ್ಕ ಬಜಾರಿನಲ್ಲಿ ಕಟ್ಟುತ್ತಿರುವ ಒಂದು ಲಕ್ಷದ ಚೀಟಿಯನ್ನು ಈ ತಿಂಗಳು ಸವಾಲಿನಲ್ಲಿ ಕೂಗಿ ಎತ್ತುವುದೆಂದು ತೀರ್ಮಾನವಾಯಿತು. ನಿಜ ಹೇಳಬೇಕೆಂದರೆ ಚೀಟಿ ಎತ್ತುವುದು ಅಕ್ಕನದೇ ಮಾತು. ಬೋರ್‌ವೆಲ್ಲಿನ ವಿಷಯ ಆಮೇಲೆ ಅವಳು ತೆಗೆಯಲೇ ಇಲ್ಲ.

ಸವಾಲಿನ ದಿನ ಮೂರು ಜನ ಪೈಪೋಟಿಗೆ ನಿಂತಿದ್ದರು. ಒಬ್ಬರಿಗೆ ಮಗಳ ನಿಶ್ಚಿತಾರ್ಥ, ಇನ್ನೊಬ್ಬರಿಗೆ ಸೀಮೆಹಸು. ನಮ್ಮದು ಹದಿನೆಂಟು ಸಾವಿರ ಬಿಟ್ಟುಕೊಟ್ಟು ನಿಂತಿತು. ದುಡ್ಡು ಎತ್ತಿದವರು ಉಳಿದ ಕಂತು ಕಟ್ಟುತ್ತಾರೆ ಎಂಬುದಕ್ಕೆ ಇಬ್ಬರು ಜಾಮೀನು ಹಾಕಬೇಕು. ಚೀಟಿ ನಡೆಸುವ ಯಜಮಾನರು ಪುಸ್ತಕ ತೆರೆದು, ಕನ್ನಡಕದ ಮೇಲಿಂದ ಹುಡುಗನನ್ನು ನೋಡಿದರು.

"ಏನ್ ಕೆಲಸಕ್ಕಪ್ಪ ದುಡ್ಡು?"

"ಫಾರಿನ್‌ಗೆ ಹೋಗ್ತಿದೀನಿ, ಅಣ್ಣ."

"ಕೆಲಸ ಸಿಕ್ತಾ?"

"ಇಲ್ಲಣ್ಣ, ಇದ್ದಿದ್ದನ್ನ ಬಿಟ್ಟೆ."

ಯಜಮಾನರು ಪೆನ್ನಿನ ಕ್ಯಾಪು ಹಾಕಿದರು. ಈ ಮೂವತ್ತು ವರ್ಷದಲ್ಲಿ ಚೀಟಿ ಎತ್ತಿಕೊಂಡು ಊರು ಬಿಟ್ಟವರು ಕೆಲವರಿದ್ದಾರೆ, ಹಾಗೆ ಬಿಡುತ್ತೇನೆ ಎಂದು ಮೊದಲೇ ಹೇಳಿ ದುಡ್ಡು ಕೇಳಿದವನು ಇವನೇ ಎಂದರು. ಕೂತವರೆಲ್ಲ ನಕ್ಕರು. ನಾನು ಮುಂದೆ ಹೋಗಿ ಮೊದಲ ಜಾಮೀನಿಗೆ ಸಹಿ ಹಾಕಿದೆ. ಪಿಂಚಣಿದಾರನ ಸಹಿಗೆ ಚೀಟಿಯವರಲ್ಲಿ ಬೆಲೆ ಇದೆ. ಎರಡನೆಯದಕ್ಕೆ ಯಾರು ಎಂದು ನೋಡುತ್ತಿದ್ದರೆ ಹಿಂದಿನ ಸಾಲಿನಿಂದ ಹುಣಸೆಹಣ್ಣಿನ ಮಂಡಿಯವರು ಎದ್ದು ಬಂದರು. ಸಹಿ ಮಾಡುವ ಮುಂಚೆ ಒಂದೇ ಷರತ್ತು ಹಾಕಿದರು: ವಿಯೆಟ್ನಾಮಿನಲ್ಲೂ ಹುಣಸೆಹಣ್ಣು ಬೆಳೆಯುತ್ತಾರಂತೆ, ಅಲ್ಲಿಯ ಸಗಟು ದರ ಏನಿದೆ ಎಂದು ಫೋನ್ ಮಾಡಿ ಹೇಳಬೇಕು.